ಉಪ್ಪು ನೋಡುವ ಸರದಿ

ನನ್ನ ಮೊಮ್ಮಗಳು ಹೆಡ್‌ಮಿಸ್ಸಾಗಿದ್ದಾಳೆ. ಮೊದಲು ಇದನ್ನು ಹೇಳಿಬಿಡುತ್ತೇನೆ, ಮಿಕ್ಕಿದ್ದೆಲ್ಲ ಆಮೇಲೆ. ಕೃಷ್ಣರಾಜಪುರದ ಸ್ಟೇಷನ್ನಿನ ಆಚೆ ಕಡೆ ಇರುವ ಸರ್ಕಾರಿ ಸ್ಕೂಲಿಗೆ ಈಗ ಅವಳೇ ಯಜಮಾನಿ. ಕೋಣೆಯ ಹೊರಗಿನ ಬೋರ್ಡಿನ ಮೇಲೆ ಅವಳ ಹೆಸರು ಬರೆಸಿದ್ದಾರೆ. ನಾನು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಬಣ್ಣ ಇನ್ನೂ ಆರಿರಲಿಲ್ಲ, ಬೆರಳಿಗೆ ಬಿಳಿಯಾಗಿ ಅಂಟಿಕೊಂಡಿತು, ತೊಳೆಯಲು ಮನಸ್ಸೇ ಬರಲಿಲ್ಲ. ಸೊಪ್ಪಿನವಳಿಗೆ ಹೇಳಿದೆ, ಆಟೋದವನಿಗೆ ಹೇಳಿದೆ, ಕಗ್ಗದಾಸಪುರದ ನಮ್ಮ ಬೀದಿಗೆ ಹಾಲು ಹಾಕುವವನಿಗೂ ಹೇಳಿದೆ. ಮಾರನೆಯ ದಿನ ಮತ್ತೆ ಹೇಳಿದಾಗ ಅವನು, "ನಿನ್ನೇನೇ ಹೇಳಿದ್ರಲ್ಲ ಅಜ್ಜಿ" ಅಂದ. ನಿನ್ನೆ ಹೇಳಿದರೇನಂತೆ, ಇವತ್ತೂ ಅವಳು ಹೆಡ್‌ಮಿಸ್ಸೇ ತಾನೆ?

ಅವಳು ಚಾರ್ಜು ತೆಗೆದುಕೊಂಡ ಸೋಮವಾರ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ತೊಂಬತ್ತರ ಹತ್ತಿರ ಬಂದ ಮುದುಕಿಗೆ ಒಂದು ಕುರ್ಚಿ ಹಾಕಿ ಜಗಲಿಯಲ್ಲಿ ಕೂರಿಸಿದ್ದರು. ಮಕ್ಕಳು ಪ್ರಾರ್ಥನೆಗೆ ಸಾಲಾಗಿ ನಿಂತಿದ್ದವು. ಅಷ್ಟರಲ್ಲಿ ಹಿಂದಿನ ಅಡಿಗೆಮನೆಯಿಂದ ರಾಗಿ ಕುದಿಯುವ ವಾಸನೆ ಬಂತು. ಈಗ ಸ್ಕೂಲುಗಳಲ್ಲಿ ಬೆಳಿಗ್ಗೆ ಮಕ್ಕಳಿಗೆ ರಾಗಿ ಮಾಲ್ಟ್ ಕೊಡುತ್ತಾರಂತೆ, ಹಾಲು ಬೆಲ್ಲ ಹಾಕಿ. ನಮ್ಮ ಕಾಲದಲ್ಲಿ ಹಾಲೂ ಇಲ್ಲ, ಬೆಲ್ಲವೂ ಇಲ್ಲ. ಆದರೆ ಹಿಟ್ಟು ಕದಡಿ, ಗುಳ್ಳೆ ಏಳುವಾಗ ಬರುವ ವಾಸನೆ ಇದೆಯಲ್ಲ, ಮಳೆ ಬಿದ್ದ ಕೆಮ್ಮಣ್ಣಿಗೂ ಸುಟ್ಟ ರೊಟ್ಟಿಗೂ ನಡುವಿನದು, ಅದು ಅದೇ. ನಾನು ಕುರ್ಚಿಯಲ್ಲೇ ಇದ್ದೆ, ಆದರೆ ಹಲಸೂರಿಗೆ ಹೋಗಿಬಿಟ್ಟೆ. ಯುದ್ಧದ ಕಾಲದ ಹಲಸೂರಿಗೆ...

ಇದಕ್ಕೂ ಒಂದು ವಾರ ಮುಂಚೆ ಮೊಮ್ಮಗಳು ಹೊಸ ಹೆಡ್‌ಮಿಸ್ಸುಗಳ ಟ್ರೈನಿಂಗಿಗೆ ಹೋಗಿದ್ದಳು. ಒಂದು ಚೀಲದ ತುಂಬ ಪುಸ್ತಕ ಕೊಟ್ಟು ಕಳಿಸಿದ್ದರು. ಮನೆಗೆ ಬಂದು ಮಂಚದ ಮೇಲೆ ಹರಡಿಕೊಂಡು ನನಗೆ ಓದಿ ಹೇಳಿದಳು. ಮಕ್ಕಳ ನೆಮ್ಮದಿ ನೋಡಿಕೊಳ್ಳುವುದು ಹೇಗೆ, ಯಾವ ಮಗುವನ್ನೂ ಬೇರೆ ಮಾಡದೆ ನಡೆಸುವುದು ಹೇಗೆ, ಹೀಗೆ ಒಂದೊಂದಕ್ಕೆ ಒಂದೊಂದು ಪುಸ್ತಕ. ನನಗೆ ಖುಷಿಯೋ ಖುಷಿ. ಆದರೆ ಅವಳ ಮುಖ ಚಿಕ್ಕದಾಗಿತ್ತು. ಅಲ್ಲಿ ಎಲ್ಲರನ್ನೂ ಒಂದು ಮಾತು ಕೇಳಿದರಂತೆ, ಸ್ಕೂಲಿನಲ್ಲಿ ನಿಮಗೇ ದಾರಿ ಕಾಣದ ದಿನ ಯಾರ ಹತ್ತಿರ ಹೋಗುತ್ತೀರಿ ಅಂತ. ಮಿಕ್ಕವರೆಲ್ಲ ಏನೇನೋ ಹೇಳಿದರಂತೆ. "ನಂಗೆ ಒಬ್ರೂ ಹೊಳೀಲಿಲ್ಲ ಅಜ್ಜಿ" ಅಂದಳು. ಆಗ ನಾನು ದೊಡ್ಡ ಮಿಸ್ಸಿನ ವಿಷಯ ಹೇಳಿದೆ. ಕೇಳಿಸಿಕೊಂಡು, ಇದನ್ನು ಬರಿ ಅಜ್ಜಿ ಅಂದಳು. ಮೂರನೆಯ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ಆದರೂ ಅವಳು ಹೇಳಿದ ಮೇಲೆ ಬರೆಯದೆ ಇರಲಾರೆ.

ದೊಡ್ಡ ಮಿಸ್ಸು ಅಂತಲೇ ನಾವು ಕರೆಯುತ್ತಿದ್ದುದು. ಅವರ ಹೆಸರು ಗೊತ್ತಿದ್ದರೂ ನಮ್ಮ ಬಾಯಲ್ಲಿ ಬರುತ್ತಿರಲಿಲ್ಲ. ಹಲಸೂರು ಬಜಾರಿನ ಹಿಂದೆ, ಹೆಂಚಿನ ಮಾಡಿನ ಎರಡು ಕೋಣೆ, ಮುಂದೆ ಒಂದು ಉದ್ದನೆಯ ಜಗಲಿ, ಅದೇ ನಮ್ಮ ಹೆಣ್ಣುಮಕ್ಕಳ ಸ್ಕೂಲು. ತಮಿಳು ಮಾತಾಡುವವರು, ದಖನಿ ಮಾತಾಡುವವರು, ತೆಲುಗಿನವರು, ನಮ್ಮಂಥ ಕನ್ನಡದವರು ಎಲ್ಲ ಹುಡುಗಿಯರೂ ಅಲ್ಲೇ. ದೊಡ್ಡ ಮಿಸ್ಸು ಎತ್ತರದ ಹೆಂಗಸು. ಬಿಳಿ ಸೀರೆ, ಸಣ್ಣ ಅಂಚು, ಕೈಯಲ್ಲಿ ಗಂಡಸರ ಕೊಡೆ. ಕಾಲಿಗೆ ಮಾತ್ರ ಸಿಪಾಯಿಗಳು ಹಾಕುವಂಥ ಕ್ಯಾನ್ವಾಸ್ ಬೂಟು. ಸೀರೆಗೆ ಬೂಟು ಹಾಕಿದ ಹೆಂಗಸನ್ನು ಹಲಸೂರು ಅದುವರೆಗೆ ನೋಡಿರಲಿಲ್ಲ. ಬಜಾರಿನಲ್ಲಿ ಹುಡುಗರು ಹಿಂದಿನಿಂದ ಲೆಫ್ಟ್ ರೈಟ್ ಅಂತ ಕೂಗುತ್ತಿದ್ದರು. ಅವರು ತಿರುಗಿ ನೋಡದೆ ಅದೇ ತಾಳಕ್ಕೆ ಹೆಜ್ಜೆ ಹಾಕುತ್ತಾ ಹೋಗುತ್ತಿದ್ದರು. ಕೂಗುತ್ತಿದ್ದವರೇ ಕೊನೆಗೆ ನಕ್ಕು ಸುಮ್ಮನಾಗುತ್ತಿದ್ದರು.

ಬೆಳಿಗ್ಗೆ ಬಾಗಿಲಲ್ಲಿ ನಿಂತು ಒಳಗೆ ಬರುವ ಪ್ರತಿಯೊಬ್ಬ ಹುಡುಗಿಯ ನೆತ್ತಿಯ ಮೇಲೂ ಅಂಗೈ ಇಡುತ್ತಿದ್ದರು. ನಮ್ಮ ಕೇರಿಯವರನ್ನು ಆಗ ಯಾರೂ ಮುಟ್ಟುತ್ತಿರಲಿಲ್ಲ. ಅಂಗಡಿಯವರು ಪೊಟ್ಟಣವನ್ನು ಮೆಟ್ಟಿಲ ಮೇಲಿಟ್ಟು ಹಿಂದೆ ಸರಿಯುತ್ತಿದ್ದರು, ನಾವು ಬಗ್ಗಿ ತೆಗೆದುಕೊಳ್ಳುತ್ತಿದ್ದೆವು. ಅಂಥವಳ ತಲೆಯ ಮೇಲೆ ಮೊದಲ ದಿನ ಆ ಅಂಗೈ ಬಿದ್ದಾಗ ನಾನು ಅಳುತ್ತಾ ನಿಂತುಬಿಟ್ಟೆ. ಜ್ವರ ಇದೆಯಾ, ಎಣ್ಣೆ ಕಾಣದೆ ತಲೆ ಒಣಗಿದೆಯಾ ಅಂತ ಅವರು ನೋಡುತ್ತಿದ್ದುದು ಎಷ್ಟೋ ಕಾಲದ ಮೇಲೆ ತಿಳಿಯಿತು. ಅಲ್ಲಿಯವರೆಗೆ ನಾನು ಅದನ್ನು ಆಶೀರ್ವಾದ ಅಂದುಕೊಂಡಿದ್ದೆ. ಈಗಲೂ ಹಾಗೇ ಅಂದುಕೊಳ್ಳುತ್ತೇನೆ.

ನಮ್ಮಪ್ಪ ದಂಡಿನ ಕುದುರೆಗಳ ಜೀನು ಹೊಲಿಯುತ್ತಿದ್ದರು. ಅವ್ವ ಕೆರೆಯ ಅಂಗಳದಲ್ಲಿ ಹುಲ್ಲು ಕೊಯ್ದು ಬ್ಲಾಕ್‌ಪಳ್ಳಿಯ ಟಾಂಗಾ ಸ್ಟ್ಯಾಂಡಿಗೆ ಹೊತ್ತುಕೊಂಡು ಹೋಗುತ್ತಿದ್ದಳು. ಈಗ ಅದನ್ನೇ ಶಿವಾಜಿನಗರ ಅನ್ನುತ್ತಾರೆ. ಯುದ್ಧ ಶುರುವಾದ ಮೇಲೆ ಊರೆಲ್ಲ ಸೋಲ್ಜರುಗಳು, ಲಾರಿಗಳು, ಕಿಟಕಿಗೆಲ್ಲ ಕರಿ ಕಾಗದ. ಅಕ್ಕಿ ಕಣ್ಣಿಗೆ ಕಾಣುತ್ತಿರಲಿಲ್ಲ. ರೇಷನ್ನಿನಲ್ಲಿ ಏನು ಕೊಟ್ಟರೆ ಅದು. ನಮ್ಮ ಮನೆಯಲ್ಲಿ ಒಪ್ಪತ್ತು ಊಟ ಮಾಮೂಲಾಯಿತು, ನಮ್ಮದೊಂದೇ ಅಲ್ಲ, ಸುತ್ತ ನಾಲ್ಕು ಬೀದಿಯದೂ ಅದೇ ಕಥೆ. ಸ್ಕೂಲಿನಲ್ಲಿ ಡ್ರಿಲ್ ಮಾಡುವಾಗ ಹುಡುಗಿಯರು ತಲೆ ಸುತ್ತಿ ಬೀಳತೊಡಗಿದರು.

ಒಂದು ದಿನ ದೊಡ್ಡ ಮಿಸ್ಸು ಕ್ಲಾಸಿಗೆ ಬಂದು, ಬೆಳಿಗ್ಗೆ ಏನೂ ತಿನ್ನದೆ ಬಂದವರು ಕೈ ಎತ್ತಿ ಅಂದರು. ಯಾರೂ ಎತ್ತಲಿಲ್ಲ. ನನಗೂ ಹೊಟ್ಟೆ ಬೆನ್ನಿಗೆ ಹತ್ತಿತ್ತು, ಆದರೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಎತ್ತಿದವಳು ಒಬ್ಬಳೇ, ದಿನಸಿ ಮಂಡಿ ಯಜಮಾನರ ಮಗಳು. ಅವಳು ತುಪ್ಪ ಹಾಕಿದ ದೋಸೆ ತಿಂದು ಬಂದವಳು, ಬೆರಳು ಇನ್ನೂ ಜಿಡ್ಡಾಗಿತ್ತು. ಮಿಸ್ಸು ಏನು ಕೇಳಿದರೂ ಕೈ ಎತ್ತಬೇಕು ಅಂತ ಅವಳ ಲೆಕ್ಕ. ಎಲ್ಲರೂ ನಕ್ಕೆವು. ದೊಡ್ಡ ಮಿಸ್ಸು ನಗಲಿಲ್ಲ, ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ ಹೊರಗೆ ಹೋದರು.

ಆ ಸಂಜೆ ನಮ್ಮ ಕೇರಿಗೆ ಕ್ಯಾನ್ವಾಸ್ ಬೂಟು ಬಂತು. ಅಷ್ಟು ಓದಿದವರು ನಮ್ಮ ಕೇರಿಗೆ ಬಂದರೆ ಒಂದೋ ಸಿಡುಬು ಬಂದಿರಬೇಕು, ಇಲ್ಲವೇ ಯಾರಾದರೂ ತಪ್ಪು ಮಾಡಿರಬೇಕು. ನಾನು ಏನು ತಪ್ಪು ಮಾಡಿದೆನೋ ಅಂತ ಬಾಗಿಲ ಹಿಂದೆ ಅಡಗಿದೆ. ಅವ್ವ ಕೂರಿಸಲು ಏನೂ ಇಲ್ಲದೆ ಒದ್ದಾಡುತ್ತಿದ್ದಾಗ ದೊಡ್ಡ ಮಿಸ್ಸು ಅಂಗಳದಲ್ಲಿದ್ದ ಹುಲ್ಲಿನ ಹೊರೆಯ ಮೇಲೆ ಕೂತುಬಿಟ್ಟರು. ಕೂತು ಅವ್ವನನ್ನು ಕೇಳಿದರು.

"ನಂಗೆ ಗೊತ್ತಾಗ್ತಾ ಇಲ್ಲಮ್ಮ. ಹಸಿದಿರೋ ಮಗು ಯಾವ್ದು ಅಂತ ಹೆಂಗೆ ಕಂಡುಹಿಡೀಲಿ? ಕೇಳಿದ್ರೆ ಒಬ್ರೂ ಹೇಳಲ್ಲ."

ದೊಡ್ಡ ಮಿಸ್ಸಿಗೆ ಗೊತ್ತಿಲ್ಲದೆ ಇರುವುದೂ ಒಂದು ಇದೆಯಾ? ಇದ್ದರೂ ಅದನ್ನು ಹುಲ್ಲು ಮಾರುವ ನಮ್ಮವ್ವನ ಹತ್ತಿರ ಬಂದು ಹೇಳುತ್ತಾರಾ? ಇಷ್ಟು ವರ್ಷವಾದರೂ ಆ ಬೆರಗು ಇಳಿದಿಲ್ಲ. ಅವ್ವ ತಲೆ ಬಗ್ಗಿಸಿಕೊಂಡೇ, "ಕೇಳ್ಬೇಡಿ ತಾಯಿ" ಅಂದಳು. "ಕೆಲ್ಸ ಕೊಡಿ. ಕೆಲ್ಸ ಮಾಡಿ ಉಣ್ಣೋಕೆ ಯಾರೂ ನಾಚ್ಕೊಳ್ಳಲ್ಲ."

ಅಲ್ಲಿಂದ ಸ್ಕೂಲಿನಲ್ಲಿ ಗಂಜಿ ಶುರುವಾಯಿತು. ದಿನಸಿ ಮಂಡಿಯ ಯಜಮಾನರೇ ಸ್ಕೂಲ್ ಕಮಿಟಿಗೆ ದೊಡ್ಡವರು. ದೊಡ್ಡ ಮಿಸ್ಸು ಹೋಗಿ ಕೇಳಿದ್ದಕ್ಕೆ ರಾಗಿ ಕೊಡಲು ಒಪ್ಪಿದರು. ಅವರು ಕೆಟ್ಟವರಲ್ಲ, ಅದನ್ನೂ ಹೇಳಬೇಕು. ಗಂಜಿ ಕಾಯಿಸಲು ಒಬ್ಬ ತಮಿಳು ಮುದುಕಿ ಇದ್ದಳು, ನಾವು ಪಾಟಿ ಅನ್ನುತ್ತಿದ್ದೆವು. ಉಳಿದ ಕೆಲಸವೆಲ್ಲ ನಮ್ಮದೇ. ಪುಳ್ಳೆ ಆರಿಸಿ ತರುವುದು, ನೀರು ಸೇದುವುದು, ಬಟ್ಟಲು ಬೆಳಗುವುದು, ಒಲೆ ಊದುವುದು. ಹಸಿದವರು ಯಾರು, ಹಸಿಯದವರು ಯಾರು ಅಂತ ಕೇಳುವ ಮಾತೇ ಹೋಯಿತು. ಕೆಲಸ ಮಾಡಿದೆವು, ಉಂಡೆವು. ದೋಸೆ ತಿಂದು ಬಂದವಳೂ ಒಲೆ ಊದಿ ಕಣ್ಣು ಕೆಂಪು ಮಾಡಿಕೊಂಡು ಬಟ್ಟಲು ಹಿಡಿಯುತ್ತಿದ್ದಳು.

ಎಲ್ಲಕ್ಕಿಂತ ದೊಡ್ಡ ಕೆಲಸ ಒಂದಿತ್ತು, ಅದು ಉಪ್ಪು ನೋಡುವುದು. ದಿನಕ್ಕೊಬ್ಬ ಹುಡುಗಿ. ಪಾಟಿ ಗಂಜಿ ಇಳಿಸಿದ ಮೇಲೆ ಆ ಹುಡುಗಿ ಮಡಕೆಯ ಮುಂದೆ ನಿಲ್ಲಬೇಕು. ಸೌಟಿನಿಂದ ಒಂದು ಸಣ್ಣ ಲೋಟಕ್ಕೆ ಹಾಕಿ ಕೊಡುತ್ತಿದ್ದರು. ಅವಳು ಕುಡಿದು, ನಾಲಿಗೆ ಚಪ್ಪರಿಸಿ, ಸರಿ ಇದೆ ಅಂತ ಗಟ್ಟಿಯಾಗಿ ಹೇಳಬೇಕು. ಅವಳು ಹೇಳುವವರೆಗೆ ಯಾರಿಗೂ ಬಡಿಸುವ ಹಾಗಿಲ್ಲ. ದೊಡ್ಡ ಮಿಸ್ಸು ಕೂಡ ತಮ್ಮ ಬಟ್ಟಲು ಹಿಡಿದು ಸಾಲಿನ ಕೊನೆಯಲ್ಲಿ ಕಾಯುತ್ತಾ ನಿಲ್ಲುತ್ತಿದ್ದರು. ಅಷ್ಟು ಎತ್ತರದ ಹೆಂಗಸು, ಒಂದು ಗೇಣು ಹುಡುಗಿ ಏನು ಹೇಳುತ್ತಾಳೋ ಅಂತ ಅವಳ ಬಾಯಿ ನೋಡುತ್ತಾ... ಆ ನಿಮಿಷ ಆ ಹುಡುಗಿ ಮಹಾರಾಣಿ. ಕೆಲವರು ಬೇಕೆಂದೇ ತಡ ಮಾಡುತ್ತಿದ್ದರು. ಟಾಂಗಾ ಹೊಡೆಯುವವರ ಮಗಳೊಬ್ಬಳು ಕಣ್ಣು ಮುಚ್ಚಿ, ತಲೆ ಆಡಿಸಿ, ಇನ್ನೊಂದು ಲೋಟ ಕೊಟ್ಟರೆ ಹೇಳುತ್ತೇನೆ ಅಂದಿದ್ದಳು.

ನಾನು ನನ್ನ ಸರದಿಗೆ ಕಾಯುತ್ತಿದ್ದೆ. ಕೂತ ಸಾಲಿನ ಪ್ರಕಾರ ಸರದಿ. ಕೂರಿಸುತ್ತಿದ್ದುದು ಎತ್ತರದ ಪ್ರಕಾರ, ಜಾತಿ ಕೇರಿ ನೋಡಿ ಅಲ್ಲ. ನಾನು ಎಲ್ಲರಿಗಿಂತ ಉದ್ದ, ಆದ್ದರಿಂದ ಕೊನೆ. ನಮ್ಮ ಕೇರಿಯಿಂದ ಆ ಸ್ಕೂಲಿಗೆ ಬರುತ್ತಿದ್ದವಳು ಆಗ ನಾನೊಬ್ಬಳೇ. ಮನೆಯಲ್ಲಿ ಅವ್ವನ ಮಡಕೆಯ ಮುಂದೆ ನಿಂತು ಸರಿ ಇದೆ, ಸರಿ ಇದೆ ಅಂತ ಅಭ್ಯಾಸ ಮಾಡುತ್ತಿದ್ದೆ. ಅಪ್ಪ ನಗುತ್ತಿದ್ದರು. ಅವ್ವ ನಗುತ್ತಿರಲಿಲ್ಲ. ಅವಳಿಗೆ ಮುಂದೆ ಬರುವುದು ಕಂಡಿತ್ತೋ ಏನೋ.

ನನ್ನ ಸರದಿ ಹತ್ತಿರವಾದಾಗ ಮಂಡಿ ಯಜಮಾನರು ಸ್ಕೂಲಿಗೆ ಬಂದರು. ಪೇಟ, ಕರಿ ಕೋಟು. ಜಗಲಿಯಲ್ಲೇ ನಿಂತು ಮಾತಾಡಿದರು, ನಾವು ಒಳಗಿನಿಂದ ಎಲ್ಲ ಕೇಳಿಸಿಕೊಂಡೆವು. ಆ ಕೇರಿ ಹುಡುಗಿಗೂ ಗಂಜಿ ಕೊಡಿ, ಎರಡು ಬಟ್ಟಲು ಬೇಕಾದರೂ ಕೊಡಿ, ಅವಳೂ ಮಗುವೇ ಅಂದರು. ಆದರೆ ಅವಳು ಮೊದಲು ಬಾಯಿಗಿಟ್ಟು ಆಮೇಲೆ ನಮ್ಮ ಮಕ್ಕಳು ಉಣ್ಣುವುದು ಅಂದರೆ ಅವಳ ಎಂಜಲು ಉಂಡ ಹಾಗೆ. ಅವಳನ್ನು ಬಿಟ್ಟು ಮುಂದಿನವಳಿಗೆ ಸರದಿ ಕೊಡಿ, ಯಾರಿಗೂ ನೋವಾಗದ ಹಾಗೆ ಮಾಡಿ. ಆಗುವುದಿಲ್ಲ ಅಂದರೆ ನಾಳೆಯಿಂದ ನನ್ನ ಮಂಡಿಯ ರಾಗಿ ಬರುವುದಿಲ್ಲ. ಅಷ್ಟು ಹೇಳಿ ಕೈ ಮುಗಿದು ಹೋದರು.

ಕ್ಲಾಸಿನಲ್ಲಿ ಎಲ್ಲರೂ ನನ್ನ ಕಡೆ ನೋಡಿದರು. ನಾನು ಸ್ಲೇಟು ನೋಡುತ್ತಾ ಕೂತೆ.

ಮಾರನೆಯ ಸಂಜೆ ದೊಡ್ಡ ಮಿಸ್ಸು ಎಲ್ಲ ಹುಡುಗಿಯರ ತಾಯಂದಿರನ್ನೂ ಜಗಲಿಗೆ ಕರೆಸಿದರು. ಬುರ್ಖಾ ಹಾಕಿದವರು, ಮಡಿಲಲ್ಲಿ ಮಗು ಹಿಡಿದವರು, ಕೆಲಸದಿಂದ ನೇರವಾಗಿ ಬಂದವರು ಎಲ್ಲರೂ ಗುಂಪು ಗುಂಪಾಗಿ ಬೇರೆ ಬೇರೆ ಕೂತರು. ಅವ್ವ ಜಗಲಿ ಹತ್ತದೆ ಕೆಳಗೆ ನಿಂತಿದ್ದಳು, ನಾನು ಅವಳ ಸೀರೆಯ ಮರೆಯಲ್ಲಿ. ಯಜಮಾನರು ಹೇಳಿದ್ದನ್ನು ದೊಡ್ಡ ಮಿಸ್ಸು ಇದ್ದ ಹಾಗೆ ಹೇಳಿದರು, ಯಾರನ್ನೂ ಬೈಯಲಿಲ್ಲ. ಇಲಾಖೆಯ ಮೇಲಿನವರನ್ನು ಕೇಳಿದ್ದೆ, ಗಲಾಟೆ ಮಾಡಿಕೊಳ್ಳಬೇಡಿ ಅಂದರು, ಇನ್ನು ನನಗೆ ಇರುವುದು ನೀವೇ ಅಂದರು. ರಾಗಿ ನಿಂತರೆ ಮಕ್ಕಳು ಬೀಳುತ್ತಾರೆ, ಸರದಿ ತಪ್ಪಿಸಿದರೆ ಒಂದು ಮಗು ಬೀಳುತ್ತದೆ, ನನಗೆ ಒಬ್ಬಳಿಗೇ ದಾರಿ ಕಾಣುತ್ತಿಲ್ಲ ಅಂದರು.

ಮೊದಲು ಮಾತಾಡಿದವಳು ನಮ್ಮವ್ವ. ನನ್ನ ಮಗಳನ್ನು ಬಿಟ್ಟುಬಿಡಿ ತಾಯಿ, ಒಬ್ಬಳಿಗೋಸ್ಕರ ಇಷ್ಟು ಮಕ್ಕಳ ಹೊಟ್ಟೆ ಯಾಕೆ ಕಟ್ಟುತ್ತೀರಿ ಅಂದಳು. ಕೂತವರಲ್ಲಿ ಎಷ್ಟೋ ಜನ ಅದೇ ಸರಿ ಅನ್ನುವ ಹಾಗೆ ತಲೆ ಆಡಿಸಿದರು. ದೊಡ್ಡ ಮಿಸ್ಸು ಜಗಲಿಯಿಂದ ಇಳಿದು ಅವ್ವನ ಎದುರು ಬಂದು ನಿಂತರು.

"ಸರದಿ ನಿಮ್ದಲ್ಲಮ್ಮ ಬಿಟ್ಟುಕೊಡೋಕೆ, ನಂದೂ ಅಲ್ಲ. ಅದು ಅವಳ್ದು." ಆಮೇಲೆ ಬಗ್ಗಿ ಸೀರೆಯ ಮರೆಯಲ್ಲಿದ್ದ ನನ್ನನ್ನು ಕೇಳಿದರು, "ನೀನು ಹೇಳು ಪುಟ್ಟಿ."

ಅದುವರೆಗೆ ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ಹುಟ್ಟಿದ ಮೇಲೆ ಅದೇ ಮೊದಲು. ಬೇಡ ಅನ್ನಬೇಕು ಅಂತಲೇ ಅಂದುಕೊಂಡೆ. ಆದರೆ ಬಾಯಿಂದ ಬಂದದ್ದು ಬೇರೆ. "ನಾನು ನೋಡ್ತೀನಿ ಮಿಸ್."

ಟಾಂಗಾ ಹೊಡೆಯುವವರ ಹೆಂಡತಿ ಬುರ್ಖಾ ಸರಿ ಮಾಡಿಕೊಂಡು ಎದ್ದಳು. ಇನ್ನೊಂದು ಲೋಟ ಕೇಳಿದ್ದಳಲ್ಲ, ಆ ಹುಡುಗಿಯ ತಾಯಿ. ಅವಳ ಕನ್ನಡ ದಖನಿಯಲ್ಲಿ ಅದ್ದಿ ತೆಗೆದ ಹಾಗಿರುತ್ತಿತ್ತು. "ಅರೆ, ಒಂದೊಂದು ಮುಠ್ಠಿ ಹಿಟ್ಟು ಹಾಕೋಣಮ್ಮಾ. ಅವ್ರದ್ದು ರಾಗಿ ಇಲ್ದೆ ನಮ್ದು ಪೋರಿಗಳು ಸತ್ತೋಗ್ತಾವಾ?" ಅಂದು ಸುತ್ತ ನೋಡಿದಳು. ಒಬ್ಬಳು ನಕ್ಕಳು. ಇನ್ನೊಬ್ಬಳು ರೇಷನ್ನಿನ ಗೋಧಿ ಆಗುತ್ತಾ ಅಂತ ಕೇಳಿದಳು. ಇನ್ನೊಬ್ಬಳು ನಮ್ಮದು ಜೋಳ ಅಂದಳು. ಕೆಲವರು ಎದ್ದು ಹೋದರು, ಅವರ ಹುಡುಗಿಯರು ಮಾರನೆಯ ದಿನದಿಂದ ಸ್ಕೂಲಿಗೆ ಬರಲಿಲ್ಲ. ಆದರೆ ಹೆಚ್ಚಿನವರು ಕೂತೇ ಇದ್ದರು.

ಹೀಗೆ ನನ್ನ ಸರದಿಯ ದಿನ ಬಂತು. ಬೆಳಿಗ್ಗೆ ಹುಡುಗಿಯರೆಲ್ಲ ಒಂದೊಂದು ಬಟ್ಟೆಯ ಗಂಟು ತಂದು ಒಂದೇ ಮೊರಕ್ಕೆ ಸುರಿದರು. ರಾಗಿ, ಜೋಳ, ಗೋಧಿ ನುಚ್ಚು, ಏನೇನೋ. ನಮ್ಮ ಮನೆಯ ಹಿಡಿಯೂ ಅದರಲ್ಲೇ ಬಿತ್ತು. ಬಿದ್ದ ಮೇಲೆ ಯಾರದು ಯಾವುದು ಅಂತ ದೇವರಿಗೂ ಗೊತ್ತಾಗುವ ಹಾಗಿರಲಿಲ್ಲ. ಪಾಟಿ ಮಡಕೆ ಇಟ್ಟಳು. ವಾಸನೆ ಎದ್ದಿತು.

ಮಂಡಿ ಯಜಮಾನರು ಮಗಳನ್ನು ಕರೆದುಕೊಂಡು ಹೋಗಲು ಅಷ್ಟರಲ್ಲೇ ಬಂದರು. ಗೇಟಿನ ಹತ್ತಿರ ನಿಂತರು. ಅವರ ಹಿಂದೆ ಬಜಾರಿನ ಕೆಲವರು. ಪಾಟಿ ಸೌಟಿನಿಂದ ಲೋಟಕ್ಕೆ ಹಾಕಿ ನನ್ನ ಕೈಗೆ ಕೊಟ್ಟಳು. ನಾನು ಊದಿ ಊದಿ ಕುಡಿದೆ.

ಉಪ್ಪು ಅಂದರೆ ಉಪ್ಪು. ಸಮುದ್ರ ನಾನು ನೋಡಿರಲಿಲ್ಲ, ಆದರೆ ಹೀಗೇ ಇರಬೇಕು ಅನ್ನಿಸಿತು. ನಾಲಿಗೆ ಒಳಗೇ ಸುರುಟಿಕೊಂಡಿತು.

ಏನಾಗಿತ್ತು ಅಂತ ಆಮೇಲೆ ತಿಳಿಯಿತು. ನಮ್ಮ ಕಡೆಯ ಹೆಂಗಸರು ಯಾರಿಗಾದರೂ ಪಡಿ ಕೊಡುವಾಗ ಬರೀ ಹಿಟ್ಟು ಕೊಡುವುದಿಲ್ಲ, ಜೊತೆಗೆ ಒಂದಷ್ಟು ಉಪ್ಪು ಇಡಲೇಬೇಕು, ಇಲ್ಲದಿದ್ದರೆ ಕೊಟ್ಟಿದ್ದು ಕೊಟ್ಟ ಹಾಗಲ್ಲ. ಪ್ರತಿಯೊಬ್ಬ ತಾಯಿಯೂ ಮರ್ಯಾದೆಗೆ ಒಂದು ಚಿಟಿಕೆ ಉಪ್ಪು ಕುಟ್ಟಿ ತನ್ನ ಹಿಡಿ ಹಿಟ್ಟಿನಲ್ಲಿ ಸೇರಿಸಿದ್ದಳು. ತಾನೊಬ್ಬಳೇ ಸೇರಿಸಿದ್ದು ಅಂತ ಪ್ರತಿಯೊಬ್ಬಳೂ ಅಂದುಕೊಂಡಿದ್ದಳು. ಅದರ ಮೇಲೆ ಪಾಟಿ ದಿನದ ಹಾಗೆ ತನ್ನ ಉಪ್ಪನ್ನೂ ಹಾಕಿದ್ದಳು.

ಆದರೆ ಆ ಗಳಿಗೆಯಲ್ಲಿ ನನಗೆ ಇದೇನೂ ಗೊತ್ತಿಲ್ಲ. ಲೋಟ ಹಿಡಿದು ನಿಂತಿದ್ದೇನೆ. ಕೆಟ್ಟಿದೆ ಅಂದರೆ ಈ ಹುಡುಗಿ ಬಾಯಿಗಿಟ್ಟಿದ್ದಕ್ಕೇ ಕೆಟ್ಟಿತು ಅನ್ನುತ್ತಾರೆ. ಸರಿ ಇದೆ ಅಂದರೆ, ಎಲ್ಲರೂ ಕುಡಿದು ಉಗುಳುತ್ತಾರೆ, ಇವಳಿಗೆ ಉಪ್ಪು ನೋಡಲೂ ಬರುವುದಿಲ್ಲ ಅನ್ನುತ್ತಾರೆ. ಮನೆಯಲ್ಲಿ ಅಭ್ಯಾಸ ಮಾಡಿದ್ದು ಒಂದೇ ಮಾತು. ನಾನು ಗೇಟಿನ ಕಡೆಗೂ ಮಡಕೆಯ ಕಡೆಗೂ ನೋಡುವುದು ದೊಡ್ಡ ಮಿಸ್ಸಿಗೆ ಕಂಡಿರಬೇಕು. ಸಾಲಿನ ಕೊನೆಯಿಂದ ಅವರ ದನಿ ಬಂತು. "ನಮ್ಗೆ ಬೇಕಾದ್ದು ಹೇಳ್ಬೇಡ. ನಿನ್ ನಾಲ್ಗೆಗೆ ಏನ್ ಗೊತ್ತಾಯ್ತೋ ಅದನ್ನ ಹೇಳು."

"ಉಪ್ಪು ಜಾಸ್ತಿ ಆಗಿದೆ ಮಿಸ್."

ಪಾಟಿ ತಲೆಯ ಮೇಲೆ ಕೈ ಹೊತ್ತು ಕೂತಳು. ಗೇಟಿನ ಹತ್ತಿರ ಯಾರೋ ಗೊಳ್ಳೆಂದು ನಕ್ಕರು. ಯಜಮಾನರು ನಗಲಿಲ್ಲ, ನೋಡಿದಿರಾ ಮೇಡಂ, ಇದಕ್ಕೇ ನಾನು ಹೇಳಿದ್ದು ಅಂದರು. ದೊಡ್ಡ ಮಿಸ್ಸು ಸಾಲು ಬಿಟ್ಟು ಮುಂದೆ ಬಂದರು. ಸೌಟಿಗೆ ಕೈ ಹಾಕುತ್ತಾರೆ ಅಂದುಕೊಂಡೆ. ಹಾಕಲಿಲ್ಲ. ನನ್ನ ಕೈಯಲ್ಲಿದ್ದ ಲೋಟ ತೆಗೆದುಕೊಂಡರು. ಅದರ ತಳದಲ್ಲಿ ನಾನು ಕುಡಿದು ಬಿಟ್ಟದ್ದು ಇತ್ತು. ಅದನ್ನು ಎತ್ತಿ, ತುಟಿಗೆ ಹಚ್ಚಿ, ಕುಡಿದರು.

ಬಜಾರೇ ನಿಂತುಹೋದ ಹಾಗಿತ್ತು. ನಮ್ಮಪ್ಪ ಮುಟ್ಟಿದ ಜೀನಿನ ಮೇಲೆ ದೊರೆಗಳು ಕೂರುತ್ತಿದ್ದರು, ಆದರೆ ನಮ್ಮ ಬಾಯಿ ಮುಟ್ಟಿದ ಲೋಟವನ್ನು ನಮ್ಮವರಲ್ಲದೆ ಬೇರೆ ಯಾರಾದರೂ ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ. ದೊಡ್ಡ ಮಿಸ್ಸು ಎಲ್ಲರ ಹಾಗೆಯೇ ನಾಲಿಗೆ ಚಪ್ಪರಿಸಿದರು. "ಮಗು ಹೇಳಿದ್ದು ಸರಿ. ಜಾಸ್ತೀನೇ ಆಗಿದೆ" ಅಂದರು. ಆಮೇಲೆ ನನ್ನನ್ನೇ ಕೇಳಿದರು, ಈಗ ಏನು ಮಾಡೋಣ ಅಂತ. ನೀರು ಹೊಯ್ದು ಇನ್ನೊಂದು ಕುದಿ ಕುದಿಸಬೇಕು ಅಂದೆ. ಹುಡುಗಿಯರು ಕೊಡ ಹಿಡಿದು ಬಾವಿಗೆ ಓಡಿದರು.

ಯಜಮಾನರು ಮಗಳನ್ನು ಕರೆದರು. ಅವಳು ಒಲೆ ಊದಿ ಮುಖವೆಲ್ಲ ಬೂದಿ ಮಾಡಿಕೊಂಡಿದ್ದಳು, ಬಟ್ಟಲು ಎದೆಗೆ ಅವುಚಿಕೊಂಡು ಸಾಲಿನಲ್ಲಿ ನಿಂತಿದ್ದಳು. ಎರಡನೆಯ ಸಲ ಕರೆದಾಗ, "ಅಪ್ಪಾ, ನಂಗೆ ಹಸಿವು" ಅಂದಳು. ಅವರು ಅವಳನ್ನು ನೋಡಿದರು, ಮಡಕೆಯನ್ನು ನೋಡಿದರು, ದೊಡ್ಡ ಮಿಸ್ಸನ್ನು ನೋಡಿದರು. ಒಬ್ಬರೇ ಹೋದರು. ಅವರ ಮಂಡಿಯಿಂದ ರಾಗಿ ಮತ್ತೆ ಬರಲಿಲ್ಲ. ಆದರೆ ಮಗಳು ದಿನಾ ಬಂದಳು, ಒಂದು ಹಿಡಿ ಹಿಟ್ಟನ್ನೂ ತರುತ್ತಿದ್ದಳು, ಮನೆಯಲ್ಲಿ ಯಾರು ಕಟ್ಟಿಕೊಡುತ್ತಿದ್ದರೋ.

ಆ ದಿನ ನಾವು ಕುಡಿದದ್ದು ತೆಳ್ಳನೆಯ ಉಪ್ಪುನೀರು. ಮಧ್ಯಾಹ್ನವೆಲ್ಲ ಪಾಠ ಇಲ್ಲ, ಒಬ್ಬರ ಹಿಂದೆ ಒಬ್ಬರು ನೀರು ಕುಡಿಯಲು ಹೋಗುವುದೇ ಆಯಿತು. ದೊಡ್ಡ ಮಿಸ್ಸು ಬೋರ್ಡಿನ ಮೇಲೆ ಲೆಕ್ಕ ಬರೆಯುವುದನ್ನು ಅರ್ಧಕ್ಕೆ ಬಿಟ್ಟು ತಾವೂ ಹೋಗಿ ಕುಡಿದು ಬಂದರು, ಬಂದು ನಕ್ಕರು. ಅವರು ಬಾಯಿ ತುಂಬ ನಕ್ಕಿದ್ದನ್ನು ನಾನು ನೋಡಿದ್ದು ಆವತ್ತೇ.

ಯುದ್ಧ ಮುಗಿಯುವವರೆಗೂ ಆ ಹಿಡಿ ಹಿಟ್ಟು ನಿಲ್ಲಲಿಲ್ಲ. ತಾಯಂದಿರು ಜಗಲಿಗೆ ಬರುವುದೂ ನಿಲ್ಲಲಿಲ್ಲ, ಅವ್ವ ಕೂಡ ಜಗಲಿ ಹತ್ತಿ ಕೂರತೊಡಗಿದಳು. ಜ್ವರದ ಮಗುವಿಗೆ ಏನು ಮಾಡಬೇಕು, ಸ್ಕೂಲು ಬಿಡಿಸುತ್ತೇವೆ ಅನ್ನುವ ಅಪ್ಪಂದಿರಿಗೆ ಏನು ಹೇಳಬೇಕು, ಎಲ್ಲ ಅಲ್ಲಿ ಮಾತಾಗುತ್ತಿತ್ತು. ದೊಡ್ಡ ಮಿಸ್ಸು ಕೇಳುತ್ತಿದ್ದರು, ಅವರು ಹೇಳುತ್ತಿದ್ದರು. ಆಮೇಲೆ ಒಂದು ದಿನ ದೊಡ್ಡ ಮಿಸ್ಸಿಗೆ ಬೇರೆ ಊರಿಗೆ ವರ್ಗವಾಯಿತು ಅಂದರು. ಯಾಕೆ, ಯಾವ ಊರಿಗೆ, ನಮಗೆ ಯಾರೂ ಹೇಳಲಿಲ್ಲ. ಹೋಗುವ ದಿನವೂ ಬಾಗಿಲಲ್ಲಿ ನಿಂತು ಎಲ್ಲರ ನೆತ್ತಿಯ ಮೇಲೆ ಕೈ ಇಟ್ಟರು, ದಿನದ ಹಾಗೇ. ಮಾರನೆಯ ದಿನ ಬಾಗಿಲಲ್ಲಿ ಯಾರೂ ಇರಲಿಲ್ಲ. ಅದೇ ವರ್ಷ ಅವ್ವನಿಗೆ ಕಾಯಿಲೆಯಾಗಿ ಹುಲ್ಲಿನ ಹೊರೆ ನನ್ನ ತಲೆಗೆ ಬಂತು, ನನ್ನ ಓದು ಅಲ್ಲಿಗೆ ಮುಗಿಯಿತು. ಆ ಸ್ಕೂಲೂ ಈಗ ಇಲ್ಲ. ಎಷ್ಟೋ ಸಲ ಹಲಸೂರಿನಲ್ಲಿ ಬಸ್ಸು ಇಳಿದು ಹುಡುಕಿದ್ದೇನೆ. ಅಂಗಡಿ ಮೇಲೆ ಅಂಗಡಿ, ಆ ಜಾಗ ಯಾವುದು ಅಂತಲೂ ಗುರುತು ಸಿಗುವುದಿಲ್ಲ...

ಆ ಸೋಮವಾರ ಸಂಜೆ ಕಗ್ಗದಾಸಪುರದ ನಮ್ಮ ಮನೆಯಲ್ಲಿ ಹಬ್ಬ. ಸೊಸೆ ಮುದ್ದೆ, ಹುರುಳಿಕಾಳಿನ ಬಸ್ಸಾರು, ಕೋಳಿ ಎಲ್ಲ ಮಾಡಿದ್ದಳು. ದೊಡ್ಡ ಮಗನ ಮನೆಯವರು ಕಮ್ಮನಹಳ್ಳಿಯಿಂದ ಮೈಸೂರ್ ಪಾಕಿನ ಡಬ್ಬ ಹಿಡಿದು ಬಂದಿದ್ದರು. ನನ್ನನ್ನು ಮಧ್ಯಾಹ್ನವೇ ಆಟೋ ಹತ್ತಿಸಿ ಕಳಿಸಿದ್ದ ಮೊಮ್ಮಗಳು ಮಾತ್ರ ಇನ್ನೂ ಸ್ಕೂಲಿನಿಂದ ಬಂದಿರಲಿಲ್ಲ. ಮಕ್ಕಳೆಲ್ಲ ಹಸಿವು ಅಂತ ರಾಗ ಎಳೆಯುತ್ತಿದ್ದವು. ಅವಳು ಬಂದಾಗ ಉಣ್ಣುತ್ತಾಳೆ, ನೀವು ಕೂತುಕೊಳ್ಳಿ ಅಂದ ಮಗ. ನಾನು ಬೇಡ ಅಂದೆ. ಮಕ್ಕಳಿಗೆ ಒಂದೊಂದು ಮೈಸೂರ್ ಪಾಕ್ ಕೊಟ್ಟು ಕೂರಿಸಿದೆ.

ಕತ್ತಲಾಗುವ ಹೊತ್ತಿಗೆ ಬಂದಳು. ಸೀರೆಯೆಲ್ಲ ಸೀಮೆಸುಣ್ಣದ ಪುಡಿ, ಭುಜ ಇಳಿದಿತ್ತು. ಚಪ್ಪಲಿ ಬಿಡುತ್ತಾ, ಮಧ್ಯಾಹ್ನ ಎಲ್ಲ ಮಕ್ಕಳಿಗೂ ಊಟ ಆಯಿತೋ ಇಲ್ಲವೋ ಅಂತ ನೋಡುವುದರಲ್ಲಿ ನಾನು ಉಣ್ಣುವುದೇ ಮರೆತೆ ಅಜ್ಜಿ ಅಂದಳು. ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ. ನಮ್ಮೆಲ್ಲರ ಬಟ್ಟಲು ತುಂಬಿತಾ ಅಂತ ನೋಡಿ, ಕೊನೆಗೆ ತಮ್ಮದನ್ನು ಹಿಡಿಯುತ್ತಿದ್ದ ಆ ಹೆಂಗಸು ಸಂಜೆ ಕೊಡೆ ಬಿಚ್ಚಿಕೊಂಡು ಯಾವ ಮನೆಗೆ ಹೋಗುತ್ತಿದ್ದರು? ಅಲ್ಲಿ ಅವರಿಗಾಗಿ ಒಲೆ ಉರಿಯುತ್ತಿತ್ತಾ? ತಟ್ಟೆ ಇಟ್ಟುಕೊಂಡು ಕಾಯುವವರು ಯಾರಾದರೂ ಇದ್ದರಾ? ಅವರು ನಮ್ಮ ಕೇರಿಗೆ ಬಂದರು. ಅವರ ಮನೆ ಎಲ್ಲಿ ಅಂತ ಹಲಸೂರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇನ್ನು ತಿಳಿಯುವುದೂ ಇಲ್ಲ.

"ಕೈ ತೊಳ್ಕೊಂಡ್ ಬಾ ತಾಯಿ" ಅಂದೆ. ಗೋಡೆಗೆ ಒರಗಿಕೊಂಡು ಎಲ್ಲರೂ ಸಾಲಾಗಿ ಕೂತೆವು, ಮಕ್ಕಳು, ಸೊಸೆಯರು, ಮರಿಮಕ್ಕಳು, ಎಲ್ಲ. ಸೊಸೆ ಬಡಿಸಲು ಎದ್ದಳು. ಅವಳನ್ನು ಕೂರಿಸಿ ನಾನೇ ಎದ್ದೆ. ಮಂಡಿ ನೋವು ಆವತ್ತು ಎಲ್ಲಿ ಹೋಗಿತ್ತೋ. ಬಿಸಿ ಮುದ್ದೆಯನ್ನು ಹೆಡ್‌ಮಿಸ್ಸಿನ ತಟ್ಟೆಗೆ ಇಟ್ಟು, ಮೇಲೆ ಸಾರು ಬಿಟ್ಟು, ಅವಳು ಮೊದಲ ತುತ್ತು ನುಂಗುವವರೆಗೆ ಎದುರಿಗೇ ನಿಂತಿದ್ದೆ.